ಗೊರವಂಕಗಳಿಗೆ ತಿಳಿಯದ ಮಾತು

ನಮ್ಮ ಊರಿನಲ್ಲಿ ತಂತಿಯ ಮೇಲೆ ಕೂತ ಗೊರವಂಕಗಳು ತಮ್ಮ ಕಾಲ ಕೆಳಗೆ ಹಾದುಹೋಗುವುದನ್ನೆಲ್ಲ ಗಟ್ಟಿಯಾಗಿ ಹೇಳುತ್ತವೆ. ಕೆರೆಯಂಚಿನ ಮನೆಯವರು ಪೇಟೆಯ ಅಂಗಡಿಗೆ ‘ಎರಡು ಕಿಲೋ ಬದನೆಕಾಯಿ’ ಎಂದು ಬರೆದು ಕಳಿಸಿದರೆ, ಅಂಗಡಿಯವನು ತನ್ನ ಯಂತ್ರದ ಕಡೆ ತಿರುಗಿ ನೋಡುವುದರೊಳಗೆ ಚೌಕದ ಕಂಬದ ಹಕ್ಕಿ ಅದನ್ನು ಹೇಳಿ, ಎದುರಿಗಿನ ತಳ್ಳುಗಾಡಿಯವಳು ಬದನೆಕಾಯಿ ತೂಗಲು ಶುರುಮಾಡಿರುತ್ತಾಳೆ. ಹೊರಗಿನಿಂದ ಬಂದವರು ಬಾಯಿ ತೆರೆದು ನಿಲ್ಲುತ್ತಾರೆ. ನಾವು ಹುಟ್ಟಿದಾಗಿನಿಂದ ಕೇಳುತ್ತ ಬಂದವರು, ನಮಗದು ವಿಶೇಷವಲ್ಲ. ಬೀದಿಯಲ್ಲಿ ನಿಂತು ಹೇಳಬಹುದಾದ್ದನ್ನು ತಂತಿಯಲ್ಲಿ ಕಳಿಸುತ್ತೇವೆ, ಹೇಳಬಾರದ್ದನ್ನು ನಡೆದುಹೋಗಿ ಹೇಳಿ ಬರುತ್ತೇವೆ. ಪ್ರೀತಿ ಮಾಡುವವರು ಕೆರೆ ಏರಿಯ ಮೇಲೆ ಓಡಾಡುತ್ತಾರೆ. ಜಗಳ ಆಡುವವರು ಮಾತ್ರ ಬೇಕಂತಲೇ ತಂತಿಯಲ್ಲಿ ಆಡುತ್ತಾರೆ, ಸಾಕ್ಷಿಗೆ ಊರೇ ಇರುತ್ತದಲ್ಲ.

ನನ್ನ ಹೆಸರು ಮಹಾನಂದಾ. ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಹಿಂದಿನ ಕೋಣೆಯಲ್ಲಿ ಫ್ಯಾನಿನ ಸದ್ದು ಮಾಡುತ್ತ ಕೂತಿರುವ ಯಂತ್ರ ಅದು. ಮನೆಮನೆಯ ಯಂತ್ರಗಳು ಕರೆದಾಗ ಓಗೊಟ್ಟು, ಅವರ ಮಾತನ್ನು ಒಳಗೆ ತೆಗೆದುಕೊಂಡು, ಡಾಕ್ಟರರ ಉತ್ತರವನ್ನು ಹಿಂದಕ್ಕೆ ಮುಟ್ಟಿಸುತ್ತದೆ. ಆ ಓಗೊಡುವ ಪ್ರೋಗ್ರಾಮನ್ನು ಬರೆದವಳು ನಾನೇ.

ಡಾಕ್ಟರ್ ಕುಮುದಿನಿ ಬೇರೆ ಸೀಮೆಯಿಂದ ಬಂದವರು. ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು ಸ್ಟೂಲ್ ಎಳೆದುಕೊಂಡು ಕೂತರು. “ಮಹಾನಂದಾ, ನಿಮ್ಮ ಊರಿನ ಜನಕ್ಕೆ ಕೆಮ್ಮು, ಜ್ವರ, ಮೊಣಕಾಲು ನೋವು ಬಿಟ್ಟು ಬೇರೆ ಏನೂ ಬರೋದೇ ಇಲ್ವಾ?” ಎಂದು ಕೇಳಿದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ನನ್ನ ಚಿಗವ್ವನ ವಿಷಯ ಹೇಳಿದೆ. ಎದೆಯಲ್ಲಿ ಗಂಟು ಕಟ್ಟಿದ್ದನ್ನು ಆಕೆ ಯಾರಿಗೂ ತಿಳಿಸಿರಲಿಲ್ಲ. ಗುಡ್ಡದ ಮೇಲಿನ ಆಸ್ಪತ್ರೆಗೆ ನಡೆದು ಹೋದರೆ ಯಾಕೆ ಹೋದೆ ಎಂದು ಕೇಳುತ್ತಾರೆ, ತಂತಿಯಲ್ಲಿ ಕಳಿಸಿದರೆ ಗೊರವಂಕಗಳು ಇಡೀ ಓಣಿಗೆ ಸಾರುತ್ತವೆ. ಗಂಟು ಒಡೆದ ಮೇಲೆ ಮನೆಯವರಿಗೆ ವಾಸನೆ ಬಂತು. ಆಮೇಲೆ ಆಕೆ ಹೆಚ್ಚು ಕಾಲ ಬದುಕಲಿಲ್ಲ.

ಡಾಕ್ಟರ್ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, “ಹಕ್ಕಿ ಹೇಳಲಿ ಬಿಡಿ. ಹೇಳಿದ್ದು ಯಾರಿಗೂ ಅರ್ಥ ಆಗದ ಹಾಗೆ ಮಾಡೋಕಾಗುತ್ತಾ?” ಎಂದರು.

ಆಗುತ್ತಿತ್ತು. ನಾನು ಓದಿ ಕಲಿಯಲು ಒಂದು ಮಳೆಗಾಲ ಹಿಡಿಯಿತು. ಎರಡು ಕಡೆಯವರು ಗುಟ್ಟಿನಲ್ಲಿ ಮಾತಾಡಬೇಕಾದರೆ ಇಬ್ಬರ ಹತ್ತಿರವೂ ಒಂದೇ ಕೀಲಿ ಇರಬೇಕು. ಆದರೆ ಕೀಲಿಯನ್ನು ತಂತಿಯಲ್ಲಿ ಕಳಿಸಿದರೆ ಹಕ್ಕಿಗಳು ಅದನ್ನೂ ಹೇಳಿಬಿಡುತ್ತವೆ. ಅದಕ್ಕೆ ಹಿಂದಿನವರು ಕಂಡುಕೊಂಡ ಉಪಾಯ ಒಂದಿದೆ. ಇಬ್ಬರೂ ತಮ್ಮ ಮನಸ್ಸಿನಲ್ಲಿ ಒಂದೊಂದು ಅಂಕಿ ಇಟ್ಟುಕೊಳ್ಳುತ್ತಾರೆ. ಅದನ್ನು ಇಬ್ಬರಿಗೂ ಗೊತ್ತಿರುವ ಒಂದೇ ಲೆಕ್ಕದಲ್ಲಿ ಕಲಸಿ, ಕಲಸಿದ್ದನ್ನು ಮಾತ್ರ ಎಲ್ಲರಿಗೂ ಕೇಳುವಂತೆ ಕಳಿಸುತ್ತಾರೆ. ಆ ಕಡೆಯಿಂದ ಬಂದದ್ದಕ್ಕೆ ತಮ್ಮ ಗುಟ್ಟಿನ ಅಂಕಿಯನ್ನು ಬೆರೆಸಿದರೆ ಇಬ್ಬರಿಗೂ ಒಂದೇ ಕೀಲಿ ಸಿಗುತ್ತದೆ. ಹಕ್ಕಿಯ ಮಾತನ್ನಷ್ಟೇ ಕೇಳಿದವರಿಗೆ ಅದು ಸಿಗುವುದಿಲ್ಲ. ಡಾಕ್ಟರರ ಮನೆಯಿಂದ ಮೊದಲ ಸಲ ಪರೀಕ್ಷೆ ಮಾಡಿದಾಗ ಕಂಬದ ಮೇಲಿನ ಗೊರವಂಕ ಎಂದಿನಂತೆ “ನಮಸ್ಕಾರ, ಆಸ್ಪತ್ರೆಯೇ?” ಎಂದು ಶುರುಮಾಡಿತು. ಆ ಮೊದಲ ನಮಸ್ಕಾರ ಮಾತ್ರ ಬಯಲಿನಲ್ಲೇ ಹೋಗಬೇಕು, ಬೇರೆ ದಾರಿಯಿಲ್ಲ. ಅಂಕಿಗಳ ವಿನಿಮಯ ಮುಗಿದದ್ದೇ ಹಕ್ಕಿ “ಕ್ರಟ್ ಪಿರ್ರ್ ಝುಂ ಟಕಟ ಲೂ” ಎನ್ನತೊಡಗಿತು. ಡಾಕ್ಟರ್ ಅಂಗಳದಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆದರೆ ಒಬ್ಬರೂ ಕರೆಯಲಿಲ್ಲ. ಪ್ರೋಗ್ರಾಮು ಬಾಗಿಲು ತೆರೆದುಕೊಂಡು ಕಾಯುತ್ತಲೇ ಇತ್ತು, ನಾನು ಅದರ ಮುಂದೆ ಕೂತು ಕಾಯುತ್ತಿದ್ದೆ. ಕೊನೆಗೆ ಹಿಟ್ಟಿನ ಗಿರಣಿಯಲ್ಲಿ ಒಬ್ಬ ಹೆಂಗಸು ನನ್ನನ್ನು ನಿಲ್ಲಿಸಿ ಕೇಳಿಯೇಬಿಟ್ಟಳು. “ಹಕ್ಕಿಗೆ ತಿಳಿಯೂದಿಲ್ಲ, ಖರೆ. ಆ ಕಡಿ ಕುಂತು ಕೇಳಾವ್ರು ಯಾರಂತ ನಮಗ ಹ್ಯಾಂಗ ತಿಳೀಬೇಕ್ರಿ? ಮೊದಲಾದ್ರ ಊರ ಮಂದಿ ಎಲ್ಲಾ ಕೇಳತಿದ್ರು, ಯಾಂವರ ಆಸ್ಪತ್ರಿ ಅಂತ ಸುಳ್ಳ ಹೇಳಿದ್ರ ಅಲ್ಲೇ ಸಿಕ್ಕಬೀಳತಿದ್ದ.” ಅವಳು ಹೇಳಿದ್ದು ಸರಿಯಾಗಿತ್ತು. ಗುಟ್ಟು ಮಾಡುವ ಗಡಿಬಿಡಿಯಲ್ಲಿ ನಾನು ಸಾಕ್ಷಿಯನ್ನು ತೆಗೆದುಹಾಕಿದ್ದೆ. ಈ ಕಡೆ ಕೂತಿರುವುದು ಆಸ್ಪತ್ರೆಯೇ ಹೌದು ಎಂದು ಊರಿಗೆಲ್ಲ ಬೇಕಾದವರೊಬ್ಬರು ರುಜು ಹಾಕಿ ಹೇಳಬೇಕಿತ್ತು.

ನಮ್ಮ ಊರಿನಲ್ಲಿ ಅಂಥವರು ಒಬ್ಬರೇ. ಸೂಲಗಿತ್ತಿ ಹುಸೇನಬಿ. ಊರೆಲ್ಲ ಅವರನ್ನು ಆಯಿ ಎನ್ನುತ್ತದೆ. ನಾನು, ನನ್ನ ತಮ್ಮಂದಿರು, ಗಿರಣಿಯ ಆ ಹೆಂಗಸು, ಎಲ್ಲರೂ ಅವರ ಕೈಯಲ್ಲೇ ಹುಟ್ಟಿದವರು. ಬೇರೆಯವರ ಮನೆಯ ಮಾತು ಅವರ ಬಾಯಿಂದ ಹೊರಬಿದ್ದದ್ದನ್ನು ಯಾರೂ ಕೇಳಿಲ್ಲ. ನಾನು ಹೋದಾಗ ಆಯಿ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಎಲ್ಲವನ್ನೂ ಕೇಳಿ, “ನಾ ಹೌದಂದ್ರ ಮಂದಿ ಹೌದಂತಾರ. ಅದಕ್ಕ ನಾ ಮೊದಲ ನೋಡಬೇಕು, ಮಗಳ. ನಡಿ” ಎಂದು ಎದ್ದೇಬಿಟ್ಟರು.

ಆಸ್ಪತ್ರೆಯಲ್ಲಿ ಅವರು ಯಂತ್ರವನ್ನು ಹೆಚ್ಚು ನೋಡಲಿಲ್ಲ. ಮಾತು ಎಲ್ಲಿ ಬಂದು ಬೀಳುತ್ತದೆ ಎಂದು ಕೇಳಿದರು. ಕಂಪೌಂಡರನ ಮೇಜಿನ ಮೇಲಿನ ಪರದೆ ತೋರಿಸಿದೆ. “ಇಲ್ಲಿ ಬ್ಯಾಡ. ಇಲ್ಲಿ ಔಷಧಕ್ಕ ಬಂದಾವ್ರೆಲ್ಲಾ ನಿಂದರತಾರ.” ಸರಿ, ಡಾಕ್ಟರರ ಕೋಣೆಗೆ ಎಂದೆ. “ನಡುವ ಮತ್ಯಾರ ನೋಡತಾರು?” ಯಾರೂ ಇಲ್ಲ, ನಾನು ಬಿಟ್ಟರೆ, ಎಂದೆ. ಏನಾದರೂ ಕೆಟ್ಟರೆ ಸರಿಮಾಡಲು ಬೇಕಾಗುತ್ತದೆ ಎಂದು ವಿವರಿಸಲು ಹೊರಟೆ. ಆಯಿ ನನ್ನ ಕೈ ಹಿಡಿದುಕೊಂಡರು. “ನೀ ಚಲೋ ಹುಡುಗಿ. ನೀನೂ ನೋಡಬಾರದು.”

ಹಾಗೇ ಮಾಡಿದೆ. ಕರೆ ಬಂದದ್ದು ಮಾತ್ರ ನನಗೆ ತಿಳಿಯುತ್ತಿತ್ತು. ಯಾರು, ಏನು ಎಂಬುದು ಡಾಕ್ಟರರ ಕೋಣೆಯಲ್ಲಿ ಮಾತ್ರ ತೆರೆದುಕೊಳ್ಳುತ್ತಿತ್ತು. ಆಮೇಲೆ ಆಯಿ, ಈ ಕಡೆ ಇರುವುದು ಆಸ್ಪತ್ರೆಯೇ ಎಂದು ಹೇಳುವ ಪ್ರಮಾಣಪತ್ರಕ್ಕೆ ತಮ್ಮ ರುಜು ಕೊಟ್ಟರು. ಆ ರುಜು ಕಾಗದದ ಮೇಲಿನದಲ್ಲ, ಅವರೊಬ್ಬರಲ್ಲೇ ಇರುವ ಉದ್ದನೆಯ ಅಂಕಿಯೊಂದರಿಂದ ಹುಟ್ಟುವ ಗುರುತು. ಬಂದ ಗುರುತು ಆಯಿಯದೇ ಹೌದೋ ಅಲ್ಲವೋ ಎಂದು ತಾಳೆ ನೋಡಲು ಪ್ರತಿ ಮನೆಯ ಯಂತ್ರದಲ್ಲೂ ಒಂದು ನಮೂನೆ ಇರಬೇಕಿತ್ತು. ಅದನ್ನು ತಂತಿಯಲ್ಲಿ ಕಳಿಸಿದರೆ ಯಾರೂ ನಂಬಲಿಕ್ಕಿಲ್ಲ ಎಂದು ಆಯಿ ತಾವೇ ನಡೆದರು. ಪೇಟೆ, ಕೆರೆಯಂಚು, ಕುಂಬಾರ ಓಣಿ, ಕೊನೆಗೆ ಊರಾಚೆಯ ಸುಣ್ಣದ ಭಟ್ಟಿಯ ಓಣಿಯವರೆಗೂ ಒಂದು ಮನೆ ಬಿಡದೆ ಹೋಗಿ ಬಂದರು. ನಾನು ಹಿಂದೆ ಹಿಂದೆ ಹೋಗಿ ಯಂತ್ರಗಳಿಗೆ ಅದನ್ನು ತುಂಬಿದೆ. ಆ ನಡಿಗೆಗಾಗಿ ಅವರಿಗೆ ಎಷ್ಟು ಋಣಿಯಾಗಿದ್ದೇನೆಂದು ಇವತ್ತಿಗೂ ಹೇಳಲು ಬರುವುದಿಲ್ಲ.

ಅದಾದ ಮೇಲೆ ಕರೆಗಳು ಬಂದವು. ಮೊದಲು ಒಂದೊಂದು, ಆಮೇಲೆ ಒಂದರ ಹಿಂದೊಂದು. ಆಸ್ಪತ್ರೆಯ ಕಂಬದ ಗೊರವಂಕಗಳು ದಿನವಿಡೀ ನಮಸ್ಕಾರ ಹೇಳುವುದು, ಗಳಗಳ ಅರ್ಥವಿಲ್ಲದ್ದು ಒದರುವುದು, ಮತ್ತೆ ನಮಸ್ಕಾರ ಹೇಳುವುದು. ಡಾಕ್ಟರ್ ಬಾಗಿಲು ಮುಚ್ಚಿಕೊಂಡು ಓದಿ ಓದಿ ಉತ್ತರ ಕೊಡುತ್ತಿದ್ದರು. ಒಂದು ಸಂಜೆ ಹೊರಗೆ ಬಂದು ಕಂಬಕ್ಕೆ ಒರಗಿ, “ಇಷ್ಟು ದಿನ ಇದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಹೇಗಿದ್ದರು ಇವರೆಲ್ಲ” ಎಂದರು. ಅಷ್ಟೇ. ಯಾರು, ಏನು ಎಂದು ನಾನು ಕೇಳಲಿಲ್ಲ.

ಕರೆಗಳು ಹೆಚ್ಚಿದಂತೆ ನನಗೊಂದು ತೊಂದರೆ ಎದುರಾಯಿತು. ನನ್ನ ಪ್ರೋಗ್ರಾಮು ಬಾಗಿಲಲ್ಲಿ ಒಬ್ಬರನ್ನು ಬರಮಾಡಿಕೊಂಡು, ರುಜು ತೋರಿಸಿ, ಕೀಲಿ ಗೊತ್ತುಮಾಡಿಕೊಂಡು, ಅವರನ್ನು ಒಳಗೆ ಬಿಟ್ಟ ಮೇಲೆಯೇ ಮುಂದಿನವರ ಕಡೆ ತಿರುಗುತ್ತಿತ್ತು. ಯಾರದಾದರೂ ತಂತಿ ನಿಧಾನವಾಗಿದ್ದರೆ ಹಿಂದಿನವರೆಲ್ಲ ನಿಂತೇ ಇರಬೇಕು. ಅದಕ್ಕೆ ನಾನು ಒಂದು ಗಡುವು ಹಾಕಿದೆ. ಅಷ್ಟರೊಳಗೆ ಕೀಲಿ ಗೊತ್ತಾಗದಿದ್ದರೆ ಆ ಕರೆ ಕತ್ತರಿಸಿ ಮುಂದಿನವರಿಗೆ ಬಾಗಿಲು. ಪೇಟೆಯಿಂದ ಪರೀಕ್ಷಿಸಿದೆ, ಕೆರೆಯಂಚಿನಿಂದ ಪರೀಕ್ಷಿಸಿದೆ, ಎಲ್ಲವೂ ಸುಸೂತ್ರವಾಗಿತ್ತು. ಎಲ್ಲರಿಗೂ ಬೇಗ ಬೇಗ ಬಾಗಿಲು ಸಿಗತೊಡಗಿತು.

ಹೀಗಿರುವಾಗ ಒಂದು ದಿನ ಊಟದ ಹೊತ್ತಿಗೆ ಸುಣ್ಣದ ಭಟ್ಟಿಯ ತಿಪ್ಪಣ್ಣ ಮೋಟಾರ್ ಸೈಕಲ್ ಮೇಲೆ ಬಂದ. ಮೈಮೇಲೆಲ್ಲ ಬಿಳಿ ಧೂಳು. ಓಣಿಯಲ್ಲಿ ಯಾರಿಗೆ ಏನಾದರೂ ಮೊದಲು ಓಡುವವನು ಅವನೇ. “ಮೇಡಂ, ಏನ್ರಿ ಇದು? ನಮ್ಮ ಓಣ್ಯಾಗ ಮುಂಜಾನಿಂದ ಹಕ್ಕಿ ಒಂದ ಸವನ ನಮಸ್ಕಾರ ಆಸ್ಪತ್ರಿ, ನಮಸ್ಕಾರ ಆಸ್ಪತ್ರಿ ಅನ್ನಾಕ ಹತ್ಯಾವು. ಎರಡ ಅಂಕಿ ಹೇಳತಾವು, ಮುಂದಿಂದು ಬರವಲ್ದು. ಅಲ್ಲೇ ಸುಮ್ಮನಾಗ್ತಾವು, ಮತ್ತ ಶುರು ಮಾಡ್ತಾವು.”

ನನಗೆ ಕೂಡಲೇ ಹೊಳೆಯಿತು. ಭಟ್ಟಿಯ ಓಣಿಗೆ ಹೋಗುವುದು ಊರಿನ ಅತ್ಯಂತ ಹಳೆಯ ತಂತಿ. ನಡುನಡುವೆ ಗಂಟು ಹಾಕಿ ಜೋಡಿಸಿದ್ದು. ಆಯಿಯ ಉದ್ದನೆಯ ರುಜು ಆ ತಂತಿಯಲ್ಲಿ ತೆವಳಿಕೊಂಡು ಹೋಗಿ ಮುಟ್ಟುವ ಮೊದಲೇ ನನ್ನ ಗಡುವು ಮುಗಿದು ಕರೆ ಕತ್ತರಿಸಿಹೋಗುತ್ತಿತ್ತು. ಅಲ್ಲಿಂದ ಕರೆಯುತ್ತಿದ್ದವರು ಪಾಪ, ಮತ್ತೆ ಮೊದಲಿಂದ ಒತ್ತುತ್ತಿದ್ದರು. ಆಸ್ಪತ್ರೆಯ ಕಂಬದಲ್ಲಿ ಅಷ್ಟೊಂದು ನಮಸ್ಕಾರಗಳ ನಡುವೆ ಆ ಒಂದು ನಮಸ್ಕಾರ ನನಗೆ ಬೇರೆಯಾಗಿ ಕೇಳಿಸಿರಲಿಲ್ಲ.

“ಯಾರ ಮನೆಯಿಂದ?” ಎಂದೆ.

“ಯಾರಿಗ್ಗೊತ್ತು! ಓಣಿಗೆಲ್ಲಾ ಒಂದ ತಂತಿ ಐತಿ. ಎಲ್ಲಾರೂ ಹೊರಗ ಬಂದು ನಿಂತಾರ, ಯಾರೂ ನಾ ಅನ್ನವಲ್ರು. ನೀವು ಬರ್ರಿ. ಮನಿ ಮನಿ ಬಾಗ್ಲಾ ಬಡದು ಕೇಳೂಣು. ಮುಂಜಾನಿಂದ ಕರಿಯಾಕ ಹತ್ಯಾರಂದ್ರ ಅವ್ರಿಗೆ ಏನಾಗೇತೋ ಏನೋ!”

ನಾನು ಸ್ಕೂಟರಿನ ಕೀಲಿ ಕೈಗೆ ತೆಗೆದುಕೊಂಡೂ ಆಗಿತ್ತು. ವಾರ್ಡಿನಲ್ಲಿ ಬಾಣಂತಿಯೊಬ್ಬಳನ್ನು ನೋಡಲು ಬಂದಿದ್ದ ಆಯಿ ನಮ್ಮ ಮಾತು ಕೇಳಿ ವರಾಂಡಕ್ಕೆ ಬಂದರು. “ಎಲ್ಲಿಗೆ ಹೊಂಟಿ?” ಎಂದರು. ಹೇಳಿದೆ. “ಓಣಿ ಮಂದಿ ಎಲ್ಲಾ ನಿಂತು ನೋಡುವಾಗ ನೀ ಹೋಗಿ ಬಾಗ್ಲಾ ಬಡೀತಿ. ಯಾರ ಮುಖಾ ಸಣ್ಣದಾಗತೈತೋ ಅವ್ರೇ ಅಂತ ಎಲ್ಲಾರಿಗೂ ತಿಳೀತೈತಿ. ಆಮ್ಯಾಲ ಹಕ್ಕಿ ಯಾಕ ಬೇಕು?”

“ಜೀಂವ ಹೋಗೂ ಹೊತ್ನ್ಯಾಗ ನಾಚಿಕಿ ಏನ್ ಹಚ್ಚೀರಿ ಆಯಿ?” ಎಂದು ತಿಪ್ಪಣ್ಣ ಸಿಡುಕಿದ. ಅವನದೂ ತಪ್ಪಿರಲಿಲ್ಲ. ಅವನ ಕಣ್ಣುಗಳು ಕೆಂಪಾಗಿದ್ದವು.

ಆಯಿ ನನ್ನ ಕಡೆ ತಿರುಗಿದರು. “ಈ ಯಂತ್ರದ ಹಿಂದ ನಾ ನಿಂತೀನಿ ಅಂತ ಮನಿ ಮನಿಗೆ ಹೇಳಿ ಬಂದೀನಿ, ಮಗಳ. ಅದನ್ನ ನಂಬಿ ಅವ್ರು ಕರಿಯಾಕ ಹತ್ಯಾರ. ಯಾರು ಅಂತ ಹುಡುಕಬ್ಯಾಡ. ಬಾಗ್ಲಾ ತೆಗಿ. ಜಲ್ದಿ ತೆಗಿ.” ಆಮೇಲೆ ತಿಪ್ಪಣ್ಣನ ಬೆನ್ನ ಹಿಂದೆ ಮೋಟಾರ್ ಸೈಕಲ್ ಹತ್ತಿ ಕೂತು, “ನಡಿ, ಓಣಿಗೆ ಹೋಗೂಣು. ಯಾರೂ ಯಾರ ಬಾಗ್ಲಾನೂ ಬಡೀಧಂಗ ನೋಡೂಣು” ಎಂದರು.

ನಾನು ಕೋಣೆಗೆ ಓಡಿದೆ. ಬರೀ ಗಡುವು ಉದ್ದ ಮಾಡಿದರೆ ಸಾಲದು. ಭಟ್ಟಿಯ ಓಣಿಯ ಒಂದು ಕರೆ ಒಳಗೆ ಬರುವವರೆಗೆ ಊರಿನ ಉಳಿದವರೆಲ್ಲ ಹೊರಗೆ ನಿಲ್ಲಬೇಕಾಗುತ್ತಿತ್ತು, ಅವರಲ್ಲಿ ಯಾರಿಗೆ ಏನಾಗಿದೆಯೋ. ಪ್ರೋಗ್ರಾಮನ್ನೇ ಬಿಚ್ಚಿ ಕಟ್ಟಬೇಕಿತ್ತು. ಮದುವೆಮನೆಯಲ್ಲಿದ್ದಂತೆ, ಬಾಗಿಲಲ್ಲಿರುವವರು ಬಾಗಿಲು ಬಿಟ್ಟು ಅಲ್ಲಾಡಬಾರದು. ಬಂದವರನ್ನು ಬನ್ನಿ ಎಂದು ತಕ್ಷಣ ಇನ್ನೊಬ್ಬರ ಕೈಗೆ ಒಪ್ಪಿಸಿ ಮುಂದಿನವರ ಕಡೆ ತಿರುಗಬೇಕು. ಒಪ್ಪಿಸಿಕೊಂಡವರು ಆ ಒಬ್ಬರ ಜೊತೆಗೇ ಕೂತು, ಎಷ್ಟು ಹೊತ್ತಾದರೂ ಆಗಲಿ, ರುಜು ತೋರಿಸಿ, ಕೀಲಿ ಗೊತ್ತುಮಾಡಿಕೊಂಡು, ಒಳಗೆ ಕರೆದುಕೊಂಡು ಹೋಗಬೇಕು. ಅವಸರಕ್ಕೆ ತಪ್ಪು ಒತ್ತಿ, ಅಳಿಸಿ, ಮತ್ತೆ ಒತ್ತುತ್ತಿದ್ದೆ. ಬರೆದು ಮುಗಿಸಿದಾಗ ಹಳೆಯದನ್ನು ನಿಲ್ಲಿಸಿ ಹೊಸದನ್ನು ಹಚ್ಚಬೇಕು, ಆದರೆ ಒಳಗೆ ಡಾಕ್ಟರ್ ಯಾರ ಜೊತೆಯಲ್ಲೋ ಮಾತಿನಲ್ಲಿದ್ದರು. ನಡುವೆ ಕತ್ತರಿಸುವ ಧೈರ್ಯ ನನಗಾಗಲಿಲ್ಲ. ಬಾಗಿಲ ಹೊರಗೆ ನಿಂತು ಕಾದೆ. ಅಷ್ಟು ಉದ್ದನೆಯ ಕಾಯುವಿಕೆ ನನ್ನ ಬದುಕಿನಲ್ಲಿ ಬೇರೆ ಇಲ್ಲ. ಡಾಕ್ಟರ್ ಮುಗಿಸಿ ತಲೆಯೆತ್ತಿದರು, ನಾನು ಎರಡು ಮಾತಿನಲ್ಲಿ ವಿಷಯ ಹೇಳಿದೆ. “ಹಚ್ಚಿ, ನಾನು ಇಲ್ಲೇ ಕೂತಿರ್ತೀನಿ” ಎಂದರು.

ಹೊಸದನ್ನು ಹಚ್ಚಿ ನಾನು ಸ್ಕೂಟರಿನಲ್ಲಿ ತಂತಿಯ ಕೆಳಗೇ ಭಟ್ಟಿಯ ಓಣಿಗೆ ಹೋದೆ. ಅಲ್ಲಿ ಇನ್ನು ನಾನು ಮಾಡಬಹುದಾದ್ದು ಏನೂ ಇರಲಿಲ್ಲ. ಕೇಳಬೇಕಿತ್ತು, ಅಷ್ಟೇ. ಓಣಿಯ ಜನರೆಲ್ಲ ಬೀದಿಯಲ್ಲಿದ್ದರು. ಗಂಡಸರು ಭಟ್ಟಿ ಬಿಟ್ಟು ಬಂದಿದ್ದರು, ಹೆಂಗಸರು ಸೆರಗು ತಲೆಮೇಲೆ ಎಳೆದುಕೊಂಡು ಮನೆಗಳ ಮುಂದೆ ನಿಂತಿದ್ದರು. ಆಯಿ ನಡು ಓಣಿಯಲ್ಲಿ ಒಂದು ಕಲ್ಲಿನ ಮೇಲೆ ಕೂತಿದ್ದರು, ತಿಪ್ಪಣ್ಣ ಅವರ ಪಕ್ಕ ಕುಕ್ಕರುಗಾಲಿನಲ್ಲಿ. ತಂತಿಯ ಮೇಲೆ ಗೊರವಂಕಗಳು ಸಾಲಾಗಿ ಕೂತಿದ್ದವು, ಸುಮ್ಮನಿದ್ದವು. ಬಹಳ ಹೊತ್ತಿನಿಂದ ಸುಮ್ಮನಿವೆ ಎಂದು ಯಾರೋ ಪಿಸುಗುಟ್ಟಿದರು. ಕರೆಯುತ್ತಿದ್ದವರು ಸಾಕಾಗಿ ಬಿಟ್ಟುಬಿಟ್ಟರೋ, ಕೈಲಾಗದೆ ಬಿಟ್ಟರೋ.

ಆಗ ಒಂದು ಹಕ್ಕಿ “ನಮಸ್ಕಾರ, ಆಸ್ಪತ್ರೆಯೇ?” ಎಂದಿತು.

ಇಡೀ ಓಣಿ ತಲೆಯೆತ್ತಿತು. ಆಸ್ಪತ್ರೆಯ ಕಡೆಯಿಂದ ಬರುವ ತಂತಿಯ ಹಕ್ಕಿ “ನಮಸ್ಕಾರ, ಹೌದು” ಎಂದಿತು. ಮುಂಜಾನೆಯಿಂದ ಪ್ರತಿ ಸಲ ಇದಾದ ಮೇಲೆ ಎರಡು ಅಂಕಿಗೇ ನಿಂತುಹೋಗುತ್ತಿತ್ತಂತೆ. ಈ ಸಲವೂ ಅಂಕಿಗಳು ಶುರುವಾದವು. ಒಂದು ಅಂಕಿ, ಒಂದು ಬಿಡುವು, ಇನ್ನೊಂದು ಅಂಕಿ. ಆಯಿಯ ರುಜು ಆ ಹಳೆಯ ತಂತಿಯಲ್ಲಿ ಕುಂಟುತ್ತ ಬರುತ್ತಿತ್ತು. ನನ್ನ ಹಳೆಯ ಗಡುವು ಎಲ್ಲಿ ಮುಗಿಯುತ್ತಿತ್ತೋ ಆ ಜಾಗ ನನಗೆ ಗೊತ್ತಿತ್ತು, ಅದು ದಾಟಿತು. ಅಂಕಿಗಳು ಬರುತ್ತಲೇ ಇದ್ದವು. ತಿಪ್ಪಣ್ಣ ತುಟಿ ಅಲ್ಲಾಡಿಸುತ್ತ ಅವುಗಳ ಜೊತೆಗೇ ಹೇಳುತ್ತಿದ್ದ. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಹಕ್ಕಿ ಕತ್ತು ಉಬ್ಬಿಸಿ “ಝಿರ್ರ್ ಪಟ್ ಕುಲು ಟ್ರಂ” ಎಂದಿತು. ಪಕ್ಕದ್ದು ಸೇರಿಕೊಂಡಿತು, ಅದರ ಪಕ್ಕದ್ದೂ ಸೇರಿಕೊಂಡಿತು, ಇಡೀ ತಂತಿ ಅರ್ಥವಿಲ್ಲದ್ದನ್ನು ಕೂಗತೊಡಗಿತು.

ಒಬ್ಬ ಮುದುಕಿ ಎರಡೂ ಕೈ ಎತ್ತಿ ಮುಗಿದಳು. ಕೆಲವರು ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ತಿಪ್ಪಣ್ಣ ನನ್ನ ಕಡೆ ನೋಡಿ, “ತಿಳೀವಲ್ದ್ರಿ ಮೇಡಂ! ಒಂದೂ ತಿಳೀವಲ್ದು!” ಎಂದು ಸಂತೋಷದಿಂದ ಕೂಗಿದ. ನಾನು ಸ್ಕೂಟರಿನ ಸೀಟಿನ ಮೇಲೆ ಕೂತೆ.

ಹಕ್ಕಿಗಳು ಸುಮ್ಮನಾದ ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ಜೀಪು ಓಣಿಯ ಬಾಯಿಗೆ ಬಂದು ನಿಂತಿತು. ಡಾಕ್ಟರ್ ಕುಮುದಿನಿ ಚೀಲ ಹಿಡಿದು ಇಳಿದರು. ಇಳಿದವರು ಅಷ್ಟೊಂದು ಜನರನ್ನು ಕಂಡು ಅಲ್ಲೇ ನಿಂತುಬಿಟ್ಟರು. ಒಂದು ಮನೆಗೆ ಹೋಗಬೇಕಿತ್ತು, ಹೋದರೆ ಯಾವ ಮನೆ ಎಂದು ಎಲ್ಲರೂ ಕಾಣುತ್ತಿದ್ದರು. ಆಯಿ ಮೊಣಕಾಲು ಹಿಡಿದುಕೊಂಡು ಎದ್ದು ಹೋಗಿ ಅವರ ಬಾಯಿಗೆ ಕಿವಿ ಕೊಟ್ಟರು. ಆಮೇಲೆ ಓಣಿಯ ಕಡೆ ತಿರುಗಿ, “ಡಾಕ್ಟರ್ ಬಾಯಾರು ಬಂದಾರ. ಇವತ್ತ ಎಲ್ಲಾ ಮನಿಗೂ ಬರತಾರ, ನಾನೂ ಬರತೀನಿ. ಹೆಂಗಸ್ರು ಒಳಗ ನಡೀರಿ. ಗಂಡಸ್ರು ಭಟ್ಟಿಗೆ ನಡೀರಿ” ಎಂದರು.

ಅವರು ಮೊದಲು ಯಾವ ಮನೆ ಹೊಕ್ಕರು ಎಂಬುದನ್ನು ನಾನು ನೋಡಲಿಲ್ಲ. ಆಯಿ ‘ಒಳಗ ನಡೀರಿ’ ಎಂದಾಗಲೇ ಸ್ಕೂಟರನ್ನು ಆ ಕಡೆ ಬೆನ್ನು ಮಾಡಿ ನಿಲ್ಲಿಸಿಕೊಂಡಿದ್ದೆ. ಇಬ್ಬರೂ ಎಲ್ಲ ಮನೆಗಳಿಗೂ ಹೋದರು. ಪ್ರತಿ ಮನೆಯಲ್ಲೂ ಬಾಗಿಲು ಮುಚ್ಚಿಸಿ, ಎಲ್ಲ ಕಡೆಯೂ ಅಷ್ಟಷ್ಟೇ ಹೊತ್ತು ಕೂತು ಎದ್ದು ಬಂದರು. ಪ್ರತಿ ಮನೆಯಿಂದಲೂ ಒಬ್ಬರು ಮುಂದಿನ ವಾರ ಆಸ್ಪತ್ರೆಗೆ ಬರಬೇಕು ಎಂದು ಹೇಳಿದರು, ತಿಪ್ಪಣ್ಣನ ಮನೆಯಿಂದಲೂ. ಸಂಜೆ ಜೀಪು ಹೊರಡುವ ಮೊದಲು ಅದರ ಹಿಂದಿನ ಸೀಟಿನಲ್ಲಿ ಆಯಿ ಕಾಲು ಚಾಚಿ, “ಎಲ್ಲಾ ಮನ್ಯಾಗೂ ಚಹಾ ಕುಡದು ಹೊಟ್ಟಿ ಕೆರಿ ಆಗೇತಿ. ಒಬ್ಬಾಕಿನೂ ಬ್ಯಾಡಂದ್ರ ಕೇಳಲಿಲ್ಲ” ಎಂದು ಗೊಣಗಿದರು. ಡಾಕ್ಟರ್ ನಗುತ್ತ ನನ್ನ ಕಡೆ ನೋಡಿ, “ಹೊತ್ತು ಮೀರಿರಲಿಲ್ಲ” ಎಂದರು. ನನಗೆ ಅಷ್ಟು ಸಾಕಾಗಿತ್ತು.

ಮುಂದೊಂದು ರಜೆಯ ದಿನ ಬೆಳಿಗ್ಗೆ ಆಸ್ಪತ್ರೆಯ ಅಂಗಳದಲ್ಲಿ ಗಲಾಟೆ ಕೇಳಿಸಿತು. ಹೊರಗೆ ಬಂದು ನೋಡಿದರೆ ಭಟ್ಟಿಯ ಓಣಿಗೆ ಓಣಿಯೇ ಗುಡ್ಡ ಹತ್ತಿ ಬಂದಿತ್ತು. ಏಣಿ, ಕುಂಚ, ಹೊಸದಾಗಿ ಸುಟ್ಟು ಅರಳಿಸಿದ ಸುಣ್ಣದ ಡ್ರಮ್ಮುಗಳು. ಹೆಂಗಸರು ಆಗಲೇ ಗೋಡೆಯ ಹಳೆಯ ಪಾಚಿ ಕೆರೆಯುತ್ತಿದ್ದರು. ಆಸ್ಪತ್ರೆಗೆ ಯಾವ ಕಾಲದಲ್ಲಿ ಸುಣ್ಣ ಹೊಡೆದಿದ್ದರೋ ಯಾರಿಗೂ ನೆನಪಿರಲಿಲ್ಲ.

“ಯಾರು ಹೇಳಿ ಕಳಿಸಿದ್ದು ತಿಪ್ಪಣ್ಣ?” ಎಂದು ಕೇಳಿದೆ.

ಅವನು ಏಣಿ ಗೋಡೆಗೆ ಆನಿಸಿ, ಕೈ ಝಾಡಿಸಿಕೊಂಡ. “ಯಾರೂ ಹೇಳಿಲ್ರಿ. ಆವತ್ತ ಉಪಕಾರ ಆಗಿದ್ದು ಯಾರಿಗಂತ ನಮಗ ಗೊತ್ತಿಲ್ಲ. ಅವ್ರೊಬ್ರೇ ಬಂದು ಕೈ ಮುಗದ್ರ ಗೊತ್ತಾಗಿಬಿಡತೈತಿ. ಅವ್ರಿಗೆ ಬರಾಕ ಮನಸ್ಸ ಇರತೈತಿ, ಬರಾಕ ಆಗೂದಿಲ್ಲ. ಅದಕ್ಕ ಎಲ್ಲಾರೂ ಬಂದೀವಿ.”

ಅವನೇ ಒಂದು ಕುಂಚ ನನ್ನ ಕೈಗೆ ಕೊಟ್ಟ. ಗೋಡೆಯ ಉದ್ದಕ್ಕೂ ಜನ ಸಾಲಾಗಿ ನಿಂತಿದ್ದರು, ಗಂಡಸರು, ಹೆಂಗಸರು, ಮುದುಕರು, ಎಲ್ಲರ ತಲೆ ಮೈ ಒಂದೇ ಬಿಳಿ. ಅವರಲ್ಲಿ ಒಬ್ಬರು ಆವತ್ತು ಮುಂಜಾನೆಯಿಂದ ನಾನು ಮತ್ತೆ ಮತ್ತೆ ಬಾಗಿಲು ಹಾಕಿದರೂ ಬೇಸರಿಸದೆ ನಮಸ್ಕಾರ ಹೇಳಿದವರು. ಆ ತಾಳ್ಮೆ ಅವರಿಗಿರದಿದ್ದರೆ ನನ್ನ ತಪ್ಪು ನನಗೆ ತಿಳಿಯುತ್ತಲೇ ಇರಲಿಲ್ಲ. ಅವರಿಗೆ ನಾನೂ ಕೈ ಮುಗಿಯಬೇಕಿತ್ತು. ಸಾಲಿನಲ್ಲಿ ಖಾಲಿ ಇದ್ದ ಕಡೆ ಹೋಗಿ ನಿಂತು ಕುಂಚವನ್ನು ಸುಣ್ಣದಲ್ಲಿ ಅದ್ದಿದೆ. ಪಕ್ಕದಲ್ಲಿದ್ದ ಹೆಂಗಸು ಸರಿದು ಜಾಗ ಮಾಡಿಕೊಟ್ಟಳು. ಊಟಕ್ಕೆ ಇಲ್ಲೇ ಇರಬೇಕು ಎಂದೆ. ಸರಿ ಎಂದಳು. ಇಬ್ಬರೂ ಗೋಡೆಯ ಕಡೆ ತಿರುಗಿದೆವು.